ಬಾಲ ನೋಡಿ ಹಲ್ಲಿ ತಂದೆವು

ಹಲ್ಲಿ ಸಾಕಬೇಕೆಂದು ಮಗಳು ಹಟ ಹಿಡಿದು ಒಂದು ವರ್ಷವಾಗಿತ್ತು. ನಾವಿರುವುದು ಅಮೆರಿಕದ ಟೆಕ್ಸಸ್‌ನಲ್ಲಿ. ಇಲ್ಲಿ ಲೆಪರ್ಡ್ ಗೆಕ್ಕೊ ಎಂಬ ಚುಕ್ಕೆಗಳ ಹಲ್ಲಿ ಸಾಕುವ ಮನೆಗಳು ಬೇಕಾದಷ್ಟಿವೆ. (ಊರಿನಲ್ಲಿ ಇದನ್ನು ಓದಿದವರು ಉಡದ ಮರಿ ಹುಡುಕಿಕೊಂಡು ಹೋಗಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.) ಪಾಕಿಸ್ತಾನ, ಅಫ್ಘಾನಿಸ್ತಾನದ ಒಣ ಕಲ್ಲುನೆಲದ ಈ ಗೆಕ್ಕೊ ನಮ್ಮ ಮನೆಹಲ್ಲಿಯಂತೆ ಗೋಡೆ ಹತ್ತುವುದಿಲ್ಲ. ಇದಕ್ಕೆ ರೆಪ್ಪೆಗಳಿವೆ, ಕಣ್ಣು ಮುಚ್ಚಿ ಮಲಗುತ್ತದೆ. 15ರಿಂದ 20 ವರ್ಷ ಬದುಕುತ್ತದೆ. ಮಗಳು ಕಾಲೇಜಿಗೆ ಹೋದ ಮೇಲೂ ಅದನ್ನು ನೋಡಿಕೊಳ್ಳಬೇಕಾದವಳು ನಾನೇ ಎಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡೆ.

ಹೆಚ್ಚು ಕಾಡಿದ್ದು ಅದರ ಊಟ. ಅದು ಸೊಪ್ಪು ತಿನ್ನುವುದಿಲ್ಲ. ಮಿಡತೆಯಂಥ ಕ್ರಿಕೆಟ್ ಹುಳುಗಳು, ಅದೂ ಜೀವಂತವಾಗಿಯೇ ಬೇಕು. ನಮ್ಮದು ಮೊಟ್ಟೆಯನ್ನೂ ತರದ ಮನೆ. "ಅದರ ಆಹಾರ ಅದಕ್ಕೆ ಕೊಡುವುದಕ್ಕೆ ಆಗದಿದ್ದರೆ ತರಲೇಬೇಡ ಕಣಮ್ಮ" ಎಂದರು ಅತ್ತೆ, ಫೋನಿನಲ್ಲಿ. ಆ ಮಾತು ಹಿಡಿದುಕೊಂಡೇ ಮುಂದಿನ ಹೆಜ್ಜೆ ಇಟ್ಟೆ.

ಮೊದಲು ಹೋದದ್ದು ಒಂದು ಅಂಗಡಿಗೆ. ಗಾಜಿನ ಪೆಟ್ಟಿಗೆಯಲ್ಲಿ ಮರಳು, ಅದರ ಮೇಲೊಂದು ಗೆಕ್ಕೊ. ಈ ಹಲ್ಲಿ ಕೊಬ್ಬನ್ನು ಬಾಲದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆರೋಗ್ಯವಾಗಿದ್ದರೆ ಬಾಲ ಕುತ್ತಿಗೆಯಷ್ಟು ದಪ್ಪ. ಅದರದು ಪೆನ್ಸಿಲ್‌ನಂತೆ ಸಣಕಲಾಗಿತ್ತು. ಮುಂಗಾಲಿನಲ್ಲಿ ಎರಡು ಬೆರಳಿರಲಿಲ್ಲ. ಸರಿಯಾಗಿ ಕಳಚದ ಪೊರೆ ಬೆರಳಿಗೆ ದಾರದಂತೆ ಬಿಗಿದು, ರಕ್ತ ಓಡದೆ, ಬೆರಳೇ ಉದುರಿಹೋಗುವುದುಂಟು. "ಇದನ್ನೇ ಕರೆದುಕೊಂಡು ಹೋಗೋಣ ಅಮ್ಮ" ಎಂದು ಮಗಳು ಅತ್ತಳು. ಬಾಲ ಹಾಗೆ ಸೊರಗುವುದಕ್ಕೆ ಮದ್ದಿಲ್ಲದ ಕರುಳಿನ ಸೋಂಕೂ ಕಾರಣವಿರಬಹುದು. ನಾನು ಕೈ ಹಿಡಿದು ಹೊರಗೆ ಕರೆತಂದೆ. ಅದನ್ನು ಬಿಟ್ಟು ಬಂದದ್ದು ಇಂದಿಗೂ ನೋಯಿಸುತ್ತದೆ.

ಆಮೇಲೆ ಮನೆಯಲ್ಲೇ ಮರಿ ಮಾಡಿಸುವ ಹೆಂಗಸೊಬ್ಬರನ್ನು ಹುಡುಕಿದೆವು. ಅವರು ಮರಿಯ ತಂದೆತಾಯಿಯನ್ನು ತೋರಿಸಿದರು, ವಾರವಾರದ ತೂಕ ಬರೆದ ಪುಸ್ತಕವನ್ನೂ ಕೊಟ್ಟರು. ಅಪರೂಪದ ಬಣ್ಣ ಬೇಡವೆಂದೆ. ಎನಿಗ್ಮಾ ಎಂಬ ತಳಿಯಲ್ಲಂತೂ ಸಮತೋಲ ತಪ್ಪಿ ಸುತ್ತುವ ನರದೋಷ ತಳಿಯ ಜೊತೆಗೇ ಬರುತ್ತದೆ. ನಮ್ಮೆದುರು ತಿನ್ನಿಸಿ ಎಂದು ಕೇಳಿದೆ. ಹುಳು ಬಿಟ್ಟರು. ಮರಿ ತಲೆ ತಗ್ಗಿಸಿತು, ಬಾಲದ ತುದಿಯನ್ನು ಗಿಲಕಿಯಂತೆ ನಡುಗಿಸಿತು, ಒಂದೇ ನೆಗೆತಕ್ಕೆ ಹಿಡಿಯಿತು. ಕಣ್ಣು ನಿಚ್ಚಳ, ಬೆರಳುಗಳೆಲ್ಲ ಇದ್ದವು, ಹಿಂಭಾಗ ಶುಚಿಯಾಗಿತ್ತು. ಅಲ್ಲಿಯೇ ಹಣ ಕೊಟ್ಟೆವು.

ಮನೆಯಲ್ಲಿ ಪೆಟ್ಟಿಗೆ ಎರಡು ವಾರ ಮೊದಲೇ ಸಿದ್ಧವಿತ್ತು: ಮರಳಿನ ಬದಲು ಕಾಗದ, ಒಂದು ಬದಿ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 25, ಪೊರೆ ಕಳಚಲು ಒದ್ದೆ ಪಾಚಿಯ ಗೂಡು. ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಶಾಖದ ಹಾಸು ಹಾಕಬೇಡಿ, ಹಲ್ಲಿಯ ಹೊಟ್ಟೆ ಸುಡಬಹುದು. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿಯೇ ಕೊಡಬೇಕು.

ನಾಲ್ಕು ದಿನ ಅದು ಗೂಡಿನಿಂದ ಹೊರಗೇ ಬರಲಿಲ್ಲ. ನಾವು ಮುಟ್ಟಲಿಲ್ಲ. ಐದನೆಯ ರಾತ್ರಿ ದೀಪ ಆರಿಸಿದ ಮೇಲೆ ಮಗಳು ಪಿಸುಗುಟ್ಟಿದಳು: "ಅಮ್ಮ, ಬಾಲ ಅಲ್ಲಾಡಿಸುತ್ತಿದೆ."