ದಸರಾ ಕ್ಲೀನಿಂಗ್‌ಗೆ ಜನ ಬರುವ ಮುಂಚೆ ಮನೆ ಅಣಿ ಮಾಡುವುದು ಹೇಗೆ?

ದಸರಾ ಹತ್ತಿರ ಬಂತು ಅಂದರೆ ಮನೆ ಪೂರ್ತಿ ಧೂಳು ಹೊಡೆದು ತೊಳೆಯುವ ಕೆಲಸವೂ ಬಂತು. ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆಗಳಲ್ಲಿ ಈಗ ಒಂದು ದಿನದ ಮಟ್ಟಿಗೆ ಜನ ಕರೆಸುವುದು ಮಾಮೂಲಾಗಿದೆ. ದಿನಾ ಕೆಲಸಕ್ಕೆ ಬರುವವರೇ ತಮಗೆ ಗೊತ್ತಿರುವ ಇನ್ನೊಬ್ಬರನ್ನು ಜೊತೆಗೆ ಕರೆತರಬಹುದು. ಇಲ್ಲವೇ ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಿದ ತಂಡ ಮಷೀನು, ಬಕೆಟ್ಟು ಸಮೇತ ಬರಬಹುದು. ಯಾರೇ ಬರಲಿ, ಅವರು ಬಾಗಿಲು ತಟ್ಟುವ ಮುಂಚೆ ಮನೆಯವರು ಮಾಡಬೇಕಾದ ಕೆಲಸ ಒಂದಿಷ್ಟಿದೆ.

"ಕ್ಲೀನ್ ಮಾಡೋಕೇ ಜನ ಬರ್ತಾರಲ್ಲ, ನಾವ್ಯಾಕೆ ಮೊದಲೇ ಮಾಡಬೇಕು?" ಅನ್ನುವ ಪ್ರಶ್ನೆ ಸಹಜ. ಧೂಳು, ಜಿಡ್ಡು, ಕರೆ ಇವನ್ನು ಯಾರು ಬೇಕಾದರೂ ತೆಗೆಯಬಹುದು. ಆದರೆ ಟೇಬಲ್ ಮೇಲಿರುವ ಆ ಚೀಟಿ ಬೇಕೋ ಬೇಡವೋ, ಮಗುವಿನ ಹಳೆಯ ಅಂಗಿ ಇಟ್ಟುಕೊಳ್ಳಬೇಕೋ ಯಾರಿಗಾದರೂ ಕೊಡಬೇಕೋ, ಅದು ನಿಮಗೆ ಮಾತ್ರ ಗೊತ್ತು. ಬಂದವರು ಒಂದೊಂದನ್ನೂ ಕೈಯಲ್ಲಿ ಹಿಡಿದು "ಇದೆಲ್ಲಿಡಲಿ ಅಕ್ಕಾ?" ಎಂದು ಕೇಳುತ್ತಾ ಹೋದರೆ ಅರ್ಧ ದಿನ ಅದರಲ್ಲೇ ಕಳೆದುಹೋಗುತ್ತದೆ. ಫ್ಯಾನಿನ ಧೂಳು, ಬಚ್ಚಲಿನ ಕರೆ ಹಾಗೇ ಉಳಿಯುತ್ತವೆ.

ಹಾಗಂತ ನಾಚಿಕೆಯಿಂದ ಹಿಂದಿನ ದಿನವೇ ಬಾತ್‌ರೂಮ್ ತಿಕ್ಕಿ, ನೆಲ ಒರೆಸಿ ಇಡುವುದೂ ಬೇಡ. ಕೊಳೆ ಇದ್ದಲ್ಲೇ ಇರಲಿ. ಸಾಮಾನು ಎತ್ತಿಡಿ, ಅಪಾಯದ ವಸ್ತುಗಳನ್ನು ತೆಗೆದಿಡಿ, ಕೆಲಸ ಮಾಡುವವರಿಗೆ ಜಾಗ ಮಾಡಿಕೊಡಿ. ಅಷ್ಟು ಸಾಕು.

ನಾಲ್ಕೈದು ದಿನ ಮೊದಲು: ಮಾತು ಮುಗಿಸಿ

ಒಂದು ಹಾಳೆ ತೆಗೆದುಕೊಂಡು ಮನೆ ಸುತ್ತಿ ಬನ್ನಿ. ಪ್ರತಿ ಕೋಣೆಯಲ್ಲಿ ಏನೇನು ಆಗಬೇಕು ಬರೆಯಿರಿ. ಹಾಲ್‌ನಲ್ಲಿ ಫ್ಯಾನು, ಕಿಟಕಿ ಸರಳು, ಸೋಫಾ ಕೆಳಗೆ. ಅಡುಗೆಮನೆಯಲ್ಲಿ ಚಿಮಣಿ, ಎಕ್ಸಾಸ್ಟ್ ಫ್ಯಾನು, ಡಬ್ಬಿ ಇಡುವ ಶೆಲ್ಫು. ಪಟ್ಟಿ ಉದ್ದವಾದರೆ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಯಾವುದು ಆಗಲೇಬೇಕು, ಯಾವುದು ಮುಂದಿನ ಸಲಕ್ಕೆ ಇರಲಿ ಎಂದು ಈಗಲೇ ಗುರುತು ಹಾಕಿ. ದಿನದ ಕೊನೆಯಲ್ಲಿ "ಇದೊಂದು ಮಾಡಿಬಿಡಿ" ಎಂದು ಸೇರಿಸುತ್ತಾ ಹೋಗುವುದು ಒಳ್ಳೆಯದಲ್ಲ. ಬೆಳಗ್ಗೆಯಿಂದ ಬಗ್ಗಿ ಎದ್ದ ಮೈ ಅದು.

ಈ ಪಟ್ಟಿ ಇಟ್ಟುಕೊಂಡೇ ಫೋನಿನಲ್ಲಿ ದುಡ್ಡಿನ ಮಾತಾಡಿ. ಎಷ್ಟು ಗಂಟೆ, ಎಷ್ಟು ಜನ, ಮಾಪು ಪೌಡರು ಯಾರದು, ಊಟ ಎಲ್ಲಿ, ಎಲ್ಲವೂ ಮೊದಲೇ ತೀರ್ಮಾನವಾಗಲಿ. ದಿನಾ ಬರುವವರೇ ಹಬ್ಬದ ಕ್ಲೀನಿಂಗ್ ಮಾಡುತ್ತಿದ್ದರೆ ಅದು ತಿಂಗಳ ಸಂಬಳದೊಳಗೆ ಬರುವ ಕೆಲಸ ಅಲ್ಲ. ಅದಕ್ಕೆ ಬೇರೆ ಲೆಕ್ಕ. ಕರ್ನಾಟಕದಲ್ಲಿ ಮನೆಗೆಲಸಕ್ಕೂ ಕನಿಷ್ಠ ವೇತನ ನಿಗದಿಯಾಗಿದ್ದು 2004ರಲ್ಲಿ. ಆದರೂ ಎಷ್ಟೋ ಮನೆಗಳಲ್ಲಿ ಹಬ್ಬದ ಹೆಚ್ಚಿನ ಕೆಲಸಕ್ಕೆ ಒಂದು ಸೀರೆ ಕೊಟ್ಟು ಮುಗಿಸುತ್ತಾರೆ. ಸೀರೆ ಪ್ರೀತಿಗೆ ಕೊಡಿ, ಕೂಲಿಗೆ ದುಡ್ಡು ಕೊಡಿ.

ಇನ್ನೊಂದು ಮಾತು. ಎರಡನೇ ಮಹಡಿಯ ಕಿಟಕಿ ಗಾಜಿನ ಹೊರಭಾಗ ಒರೆಸಲು ಸಜ್ಜಾ ಮೇಲೆ ಇಳಿಯಿರಿ ಎಂದು ಯಾರಿಗೂ ಹೇಳಬೇಡಿ. ಅವರಾಗಿಯೇ ಮುಂದೆ ಬಂದರೂ ಬೇಡ ಅನ್ನಿ. ಆ ಗಾಜು ಕೊಳೆಯಾಗಿಯೇ ಇರಲಿ.

ನೆಲ ಕಾಣಬೇಕು

ಎರಡು ದಿನ ಮೊದಲು ಶುರು ಮಾಡುವ ಕೆಲಸ ಇದು. ನೆಲದ ಮೇಲೆ ಏನೂ ಇರಬಾರದು. ಚಪ್ಪಲಿ, ಆಟದ ಸಾಮಾನು, ಪೇಪರ್ ಕಟ್ಟು, ಮಂಚದಡಿ ತಳ್ಳಿದ ಸೂಟ್‌ಕೇಸು, ಯುಟಿಲಿಟಿಯಲ್ಲಿ ಪೇರಿಸಿದ ಆನ್‌ಲೈನ್ ಡಬ್ಬಗಳು, ಎಲ್ಲವೂ ಎದ್ದು ಹೋಗಲಿ. ಕುಳಿತು ಒಂದೊಂದನ್ನೇ ವಿಂಗಡಿಸಲು ಸಮಯ ಇಲ್ಲದಿದ್ದರೆ ಕೋಣೆಗೊಂದು ದೊಡ್ಡ ಬುಟ್ಟಿಯೋ ಚೀಲವೋ ಇಟ್ಟು, ಆ ಕೋಣೆಯ ಬಿಡಿ ಸಾಮಾನೆಲ್ಲ ಅದಕ್ಕೇ ಹಾಕಿ. ಎಲ್ಲ ಕೋಣೆಗಳದ್ದನ್ನು ಒಂದೇ ಕಡೆ ಸುರಿದರೆ ಹಬ್ಬ ಮುಗಿದರೂ ಅದು ವಾಪಸ್ ಜಾಗಕ್ಕೆ ಹೋಗುವುದಿಲ್ಲ.

ಮಳೆಗಾಲ ಕಳೆದ ಮೇಲೆ ಗೋಡೆಗೆ ಅಂಟಿದಂತಿರುವ ಬೀರು, ಕಪಾಟುಗಳ ಹಿಂದೆ ಬೂಸ್ಟು ಹಿಡಿದಿರುತ್ತದೆ. ಅವನ್ನು ಸರಿಸಿ ತೆಗೆಸಬೇಕು ಅಂತಿದ್ದರೆ ಒಳಗಿನ ಭಾರದ ಸಾಮಾನು ಮೊದಲೇ ಖಾಲಿ ಮಾಡಿ. ತುಂಬಿದ ಬೀರು ಎಳೆದರೆ ನೆಲವೂ ಗೀರುತ್ತದೆ, ಎಳೆದವರ ಸೊಂಟವೂ ಹಿಡಿಯುತ್ತದೆ. ಫ್ಯಾನಿನ ಕೆಳಗಿರುವ ಹಾಸಿಗೆ, ಸೋಫಾ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿ. ಒಗೆದ ಬಟ್ಟೆ ಹೊರಗಿದ್ದರೆ ಒಳಗೆ ಸೇರಿಸಿ.

ಅಟ್ಟದ ಸಾಮಾನು ನೀವೇ ಇಳಿಸಿ. ಗೊಂಬೆ ಕೂರಿಸುವ ಮನೆಯಾದರೆ ಇದು ಇನ್ನೂ ಮುಖ್ಯ. ವರ್ಷಕ್ಕೊಮ್ಮೆ ಇಳಿಯುವ ಆ ಪೆಟ್ಟಿಗೆಯಲ್ಲಿ ಏನಿದೆ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ತಾಗಿದರೆ ಬಣ್ಣ ಬಿಡುತ್ತದೆ. ಅದಕ್ಕೆ ಮೆತ್ತನೆಯ ಬ್ರಷ್ ಸಾಕು. ಚನ್ನಪಟ್ಟಣದ ಗೊಂಬೆಗಳ ಹೊಳಪು ಅರಗಿನದ್ದು. ಸ್ಪಿರಿಟ್ ಇರುವ ಕ್ಲೀನರ್ ಹಾಕಿದರೆ ಅರಗು ಕರಗಿ ಕಲೆಯಾಗುತ್ತದೆ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪಟ್ಟದ ಗೊಂಬೆಯ ರೇಷ್ಮೆ ಬಟ್ಟೆಗೆ ಕೈ ಹಾಕುವುದೇ ಆದರೆ ಮನೆಯ ಹಿರಿಯರು ಹಾಕಲಿ. ಇವನ್ನೆಲ್ಲ ಒಂದು ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ, ಆ ಕೋಣೆಯನ್ನು ಪಟ್ಟಿಯಿಂದ ಬಿಡಿ.

ದೇವರ ಮನೆಯನ್ನು ಎಷ್ಟೋ ಜನ ತಾವೇ ತೊಳೆದುಕೊಳ್ಳುತ್ತಾರೆ. ನಿಮ್ಮ ಮನೆಯಲ್ಲೂ ಹಾಗಿದ್ದರೆ ಹಿಂದಿನ ದಿನವೇ ಮುಗಿಸಿಕೊಳ್ಳಿ, "ಅಲ್ಲಿ ಆಗಿದೆ" ಎಂದು ಬಂದ ಕೂಡಲೇ ಹೇಳಿ. ಅವರು ಒಳಗೆ ಕಾಲಿಟ್ಟ ಮೇಲೆ "ಅಲ್ಲಿ ಬೇಡ, ಅಲ್ಲಿ ಬೇಡ" ಎಂದು ಕೂಗಿದರೆ ಮನಸ್ಸಿಗೆ ಎಷ್ಟು ನೋವಾಗುತ್ತದೆ ಯೋಚಿಸಿ.

ಅವರ ಕೈಗೆ ಬಿಡಬಾರದ ವಸ್ತುಗಳು

ಈ ಭಾಗವನ್ನು ಯಾರೂ ಬಿಡಬಾರದು ಅಂತ ನನ್ನ ಕಳಕಳಿಯ ವಿನಂತಿ.

ಶೇವಿಂಗ್ ಬ್ಲೇಡು, ಒಡೆದ ಗಾಜು, ಮುರಿದ ಟೈಲ್ಸ್ ಚೂರು. ಇವನ್ನು ಕಸದ ಬುಟ್ಟಿಗೆ ಹಾಗೇ ಹಾಕಿದರೆ ಮೊದಲು ಕೊಯ್ದುಕೊಳ್ಳುವುದು ಬುಟ್ಟಿ ಖಾಲಿ ಮಾಡುವವರ ಕೈ, ಆಮೇಲೆ ಪೌರಕಾರ್ಮಿಕರ ಕೈ. ದಪ್ಪ ಪೇಪರ್‌ನಲ್ಲಿ ಸುತ್ತಿ, ಟೇಪ್ ಹಾಕಿ, ಮೇಲೆ "ಗಾಜು" ಎಂದು ದೊಡ್ಡದಾಗಿ ಬರೆಯಿರಿ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಹಾಸಿಗೆ ಪಕ್ಕದ ಡ್ರಾಯರ್‌ನಲ್ಲಿ ಬಿಡಿ ಸೂಜಿ ಇದೆಯೇ ಎಂದು ಒಮ್ಮೆ ನೋಡಿ.

ಬಳಸಿದ ಪ್ಯಾಡು, ಡೈಪರ್‌ಗಳನ್ನು ನೀವೇ ಪೇಪರ್‌ನಲ್ಲಿ ಸುತ್ತಿ ಬೇರೆ ಚೀಲಕ್ಕೆ ಹಾಕಿ ಕಟ್ಟಿಡಿ. ಘನತ್ಯಾಜ್ಯ ನಿಯಮಗಳೂ ಇವನ್ನು ಭದ್ರವಾಗಿ ಸುತ್ತಿ ಕೊಡಬೇಕು ಅನ್ನುತ್ತವೆ. ಬೆಂಗಳೂರಿನಲ್ಲಿ ಹಸಿ ಕಸಕ್ಕೆ ಹಸಿರು ಡಬ್ಬ, ಇಂಥ ಕಸಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ ಎಂಬ ಪದ್ಧತಿ ಇದೆ ಅಲ್ವಾ, ಮೂರೂ ಅವರ ಕಣ್ಣಿಗೆ ಕಾಣುವ ಹಾಗೆ ಇಡಿ. ಬಾತ್‌ರೂಮಿನ ಬಕೆಟ್‌ನಲ್ಲಿ ನೆನೆಹಾಕಿದ ಒಳಉಡುಪು, ಮಗು ವಾಂತಿ ಮಾಡಿದ ಬಟ್ಟೆ, ಟಾಯ್ಲೆಟ್ ಕಮೋಡಿನ ಒಳಗಿನ ಗಲೀಜು, ಇವು ಮನೆಯವರ ಕೆಲಸ. ಎಲ್ಲೋ ಒಂದು ಕಡೆ ಗೆರೆ ಇರಬೇಕು. ನಮ್ಮ ಮೈಯಿಂದ ಬಂದ ಕೊಳೆಯನ್ನು ನಾವೇ ಒಂದು ಸಲ ನೀರು ಹಾಕಿ ತೆಗೆದಿರಬೇಕು.

ಒಡವೆ, ದುಡ್ಡು, ಮುಖ್ಯ ಕಾಗದಪತ್ರ ಬೀರುವಿನಲ್ಲಿಟ್ಟು ಬೀಗ ಹಾಕಿ. ಮನೆಯಲ್ಲಿ ಒಂದು ಕಿವಿಯೋಲೆ ಕಾಣದಿದ್ದರೂ ಮೊದಲು ಬೆರಳು ತೋರಿಸುವುದು ಕೆಲಸಕ್ಕೆ ಬಂದವರ ಕಡೆಗೆ. ಓಲೆ ಆಮೇಲೆ ತಲೆದಿಂಬಿನ ಕವರ್‌ನಲ್ಲಿ ಸಿಕ್ಕರೂ ಆ ಮಾತು ವಾಪಸ್ ಬರುವುದಿಲ್ಲ. ಬೀಗ ಹಾಕುವುದು ಅವರ ಮರ್ಯಾದೆ ಕಾಯುವುದಕ್ಕೆ.

ಹಿಂದಿನ ರಾತ್ರಿ ಅಡುಗೆಮನೆ

ಇಲ್ಲಿ ನೆನೆಯಲು ಬಿಡುವ ಕೆಲಸಗಳೇ ಜಾಸ್ತಿ. ಮೊದಲು ಫ್ರಿಜ್ಜು. ಒಂದೇ ಬಾಗಿಲಿನದ್ದಾಗಿ ಫ್ರೀಜರ್‌ನಲ್ಲಿ ಐಸ್ ಕಟ್ಟಿದ್ದರೆ ರಾತ್ರಿಯೇ ಡಿಫ್ರಾಸ್ಟ್ ಗುಂಡಿ ಒತ್ತಿ. ಬೇಗ ಆಗಲಿ ಎಂದು ಚಾಕುವಿನಿಂದ ಚುಚ್ಚಿದರೆ ಗ್ಯಾಸ್ ಪೈಪ್ ತೂತಾಗಿ ಫ್ರಿಜ್ಜೇ ಹಾಳಾಗುತ್ತದೆ. ಹಳೆಯ ಹುಳಿ, ಚಟ್ನಿ, ಅರ್ಧ ಉಳಿದ ದೋಸೆಹಿಟ್ಟಿನ ಡಬ್ಬಿ ನೀವೇ ಖಾಲಿ ಮಾಡಿ. ಯಾವುದು ಕೆಟ್ಟಿದೆ, ಯಾವುದು ನಾಳೆಗೆ ಬೇಕು ಅಂತ ಅವರು ಹೇಳಲಾರರು.

ಚಿಮಣಿ ಫಿಲ್ಟರ್ ಬಿಚ್ಚಿ ನೋಡಿ. ಅದು ಸ್ಟೀಲಿನದ್ದಾದರೆ ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ರಾತ್ರಿ ನೆನೆಸಿಡಬಹುದು, ಬೆಳಗ್ಗೆಗೆ ಜಿಡ್ಡು ಸಡಿಲವಾಗಿರುತ್ತದೆ. ಅಲ್ಯೂಮಿನಿಯಂ ಜಾಲರಿಯಾದರೆ ಸೋಡಾ ಬೇಡ. ಅದು ಲೋಹವನ್ನೇ ತಿಂದು ಕಪ್ಪು ಮಾಡುತ್ತದೆ. ಬರೀ ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿನೀರು ಸಾಕು. ತಳ ಹತ್ತಿದ ಪಾತ್ರೆಗೂ ನೀರು ಹಾಕಿಡಿ. ಎಂಜಲು ತಟ್ಟೆಯಲ್ಲಿ ಮಿಕ್ಕಿದ್ದನ್ನು ಬಳಿದು ಹಸಿ ಕಸಕ್ಕೆ ಹಾಕಿ, ಸಿಂಕ್ ಖಾಲಿ ಇರಲಿ. ಇಡೀ ಮನೆ ತೊಳೆಯಲು ಬಂದವರ ಮೊದಲ ಗಂಟೆ ಮುಸುರೆ ಪಾತ್ರೆಗೆ ಹೋಗಬಾರದು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿ ಬುಡದಲ್ಲಿ ಬಿಳಿ ಕರೆ ಗಟ್ಟಿಯಾಗಿ ಕೂತಿರುತ್ತದೆ. ಅದು ಸುಣ್ಣದ ಅಂಶ. ಎಷ್ಟು ತಿಕ್ಕಿದರೂ ಜಗ್ಗುವುದಿಲ್ಲ, ಹುಳಿಗೆ ಮಾತ್ರ ಕರಗುತ್ತದೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಒಂದು ಗಂಟೆ ಬಿಟ್ಟು ತೊಳೆಯಿರಿ. ಆದರೆ ನಲ್ಲಿ ಪಕ್ಕದಲ್ಲಿ ಕಡಪ ಕಲ್ಲೋ ಮಾರ್ಬಲ್ಲೋ ಇದ್ದರೆ ಅದರ ಮೇಲೆ ಹನಿ ಬೀಳದ ಹಾಗೆ ನೋಡಿ. ಕರೆಯನ್ನು ಕರಗಿಸುವ ಹುಳಿ ಆ ಕಲ್ಲನ್ನೂ ಕರಗಿಸುತ್ತದೆ, ಏಕೆಂದರೆ ಎರಡರಲ್ಲೂ ಇರುವುದು ಅದೇ ಸುಣ್ಣ.

ಇದೇ ಕಾರಣಕ್ಕೆ ನಿಮ್ಮ ನೆಲ ಯಾವುದು ಅಂತ ಬಂದವರಿಗೆ ಹೇಳಲೇಬೇಕು. ವಿಟ್ರಿಫೈಡ್ ಟೈಲ್ಸ್ ಬಹಳಷ್ಟು ತಡೆದುಕೊಳ್ಳುತ್ತದೆ. ಹಳೆಯ ಮನೆಯ ಮೊಸಾಯಿಕ್, ಕೆಂಪು ರೆಡ್ ಆಕ್ಸೈಡ್ ನೆಲ, ಮಾರ್ಬಲ್ ಇವಕ್ಕೆ ಆಸಿಡ್ ಬಿದ್ದರೆ ಹೊಳಪು ಹೋಗಿ ಮಬ್ಬಾಗುತ್ತದೆ, ಮತ್ತೆ ಪಾಲಿಶ್ ಹಾಕಿಸದೆ ಬರುವುದಿಲ್ಲ.

ಬಾಟಲಿಗಳು

ಸಿಂಕ್ ಕೆಳಗಿನ ಕ್ಲೀನರ್‌ಗಳನ್ನೆಲ್ಲ ಹೊರಗೆ ತೆಗೆಯಿರಿ. ಲೇಬಲ್ ಹರಿದ ಬಾಟಲಿ, ನೀರಿನ ಬಾಟಲಿಗೆ ಸುರಿದಿಟ್ಟ ಫಿನಾಯಿಲು ಇವನ್ನು ಬಳಕೆಗೆ ಕೊಡಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್ ಲಿಕ್ವಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಇಡಲೇಬೇಡಿ, ಒಂದನ್ನು ಮಾತ್ರ ಕೊಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿ ಚಿಕ್ಕದಿರುವ ಬಾತ್‌ರೂಮಿನಲ್ಲಿ ಬಗ್ಗಿ ಕೂತು ತಿಕ್ಕುವವರ ಎದೆಗೆ ನೇರವಾಗಿ ಹೋಗುವುದು ಅದೇ ಗಾಳಿ. "ಎರಡೂ ಹಾಕಿದರೆ ಚೆನ್ನಾಗಿ ಬೆಳ್ಳಗಾಗುತ್ತೆ" ಅನ್ನುವ ಮಾತು ತುಂಬ ಕಡೆ ಕೇಳಿದ್ದೇನೆ. ಆ ಮಾತನ್ನು ನಿಮ್ಮ ಮನೆಯಲ್ಲಿ ನಿಲ್ಲಿಸಿ. ಅಮೋನಿಯಾ ಇರುವ ಗಾಜಿನ ಸ್ಪ್ರೇಯನ್ನೂ ಬ್ಲೀಚ್ ಜೊತೆ ಸೇರಿಸಬಾರದು. ಒಂದು ಜೊತೆ ರಬ್ಬರ್ ಗ್ಲೌಸ್, ಒಂದೆರಡು ಮಾಸ್ಕ್ ನೀವೇ ತಂದಿಡಿ.

ಆ ದಿನ ಬೆಳಗ್ಗೆ

ಓವರ್‌ಹೆಡ್ ಟ್ಯಾಂಕ್ ತುಂಬಿಸಿ. ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಏರಿಯಾ ಆದರೆ ನೀರು ಬರುವ ದಿನವನ್ನೇ ಕ್ಲೀನಿಂಗ್‌ಗೆ ಆರಿಸಿಕೊಳ್ಳಿ. ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ. ಚಿಮಣಿ, ಫ್ರಿಜ್ಜು, ಎಕ್ಸಾಸ್ಟ್ ಫ್ಯಾನಿನ ಪ್ಲಗ್ ತೆಗೆಯಿರಿ. ಸೀಲಿಂಗ್ ಫ್ಯಾನ್ ಸ್ವಿಚ್ಚಿಗೆ ಒಂದು ಟೇಪ್ ಅಂಟಿಸಿ, ಯಾರೋ ಮೇಲೆ ಹತ್ತಿ ಒರೆಸುತ್ತಿರುವಾಗ ಮಕ್ಕಳು ಮರೆತು ಸ್ವಿಚ್ ಹಾಕಬಾರದು. ಗಟ್ಟಿಯಾದ ಏಣಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ಕೇಳಿ ತನ್ನಿ. ಪ್ಲಾಸ್ಟಿಕ್ ಕುರ್ಚಿ ಮೇಲೆ ಸ್ಟೂಲ್ ಇಟ್ಟು ಹತ್ತಿಸುವುದು ಬೇಡವೇ ಬೇಡ. ನಾಯಿ ಇದ್ದರೆ ಕಟ್ಟಿಹಾಕಿ.

ಬಂದವರಿಗೆ ಮೊದಲು ನೀರು ಕೊಟ್ಟು, ಅವರು ಬಳಸಬಹುದಾದ ಬಾತ್‌ರೂಮ್ ತೋರಿಸಿ. ಅವರೇ ತೊಳೆಯುವ ಬಾತ್‌ರೂಮನ್ನು ಅವರು ಬಳಸಬಾರದು ಅನ್ನುವ ಮನೆಗಳು ಇನ್ನೂ ಇವೆ, ಅದು ತಪ್ಪು. ಆಮೇಲೆ ಪಟ್ಟಿ ಹಿಡಿದು ಒಂದು ಸಲ ಮನೆ ಸುತ್ತಿಸಿ. ಓದಲು ಬರದವರಾದರೆ ಕೈಯಲ್ಲಿ ಮುಟ್ಟಿ ತೋರಿಸಿ. ಮೇಲಿಂದ ಕೆಳಗೆ, ಒಳಗಿಂದ ಹೊರಗೆ ಬರುವುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ, ಅದರಲ್ಲಿ ತಲೆ ಹಾಕಬೇಡಿ. ಕೆಲಸ ನಡೆಯುವಷ್ಟು ಹೊತ್ತು ಮನೆಯವರು ಒಂದೇ ಕೋಣೆಯಲ್ಲಿ ಇರಲಿ, ಆ ಕೋಣೆ ಕೊನೆಗೆ ಆಗಲಿ. ಮಧ್ಯಾಹ್ನ ಊಟಕ್ಕೆ ಅವರು ಕುಳಿತಾಗ ಹಾಳೆ ನೋಡಿ, ಉಳಿದಿದ್ದರಲ್ಲಿ ಯಾವುದು ಬಿಡಬಹುದು ಎಂದು ಇಬ್ಬರೂ ಸೇರಿ ತೀರ್ಮಾನಿಸಿ. ಒಪ್ಪಿದ ದುಡ್ಡನ್ನು ಚಿಲ್ಲರೆ ಸಮೇತ ಬೆಳಗ್ಗೆಯೇ ಎತ್ತಿಟ್ಟಿರಿ. ಸಂಜೆ ಅವರು ಕೈಕಾಲು ತೊಳೆದು ಹೊರಟಾಗ ಎಟಿಎಂಗೆ ಹೋಗಿ ಬರುತ್ತೇನೆ ಎಂದು ಕಾಯಿಸಬೇಡಿ, ಅವರಿಗೆ ಬಸ್ಸು ಹಿಡಿಯಬೇಕಿರುತ್ತದೆ.