562 ಎಂಎಲ್ ಹಿಡಿಯುವ ಫೈರ್ ಗಾಡಿ

ಹುಬ್ಬಳ್ಳಿಯಲ್ಲಿ ಬಸ್ಸಿನ ಹುಚ್ಚಿನವರು ಬೇಕಾದಷ್ಟು ಸಿಗುತ್ತಾರೆ. ರೈಲಿನವರಂತೂ ಬಿಡಿ, ಅವರಿಗೆ 2020ರಲ್ಲಿ ಒಂದು ಮ್ಯೂಸಿಯಮ್ಮೇ ಆಯ್ತು. ಫೈರ್ ಗಾಡಿ ಹುಚ್ಚಿನವರು ಮಾತ್ರ ನನಗೆ ಗೊತ್ತಿರುವಂತೆ ನಾಲ್ಕೇ ಜನ, ಅದರಲ್ಲಿ ನಾನೂ ಒಬ್ಬ. ನಮ್ಮ ಹುಚ್ಚು ಸ್ವಲ್ಪ ವಿಚಿತ್ರ. ಬಸ್ಸಿಗೆ ಟೈಮ್ ಇರುತ್ತದೆ, ಸ್ಟ್ಯಾಂಡಿನಲ್ಲಿ ಕಾದರೆ ಬಂದೇ ಬರುತ್ತದೆ. ಫೈರ್ ಗಾಡಿ ಗಂಟೆ ಹೊಡೆಯುತ್ತ ಹೊರಗೆ ಬಂತು ಅಂದರೆ ಯಾರದೋ ಮನೆಗೋ ಬಣವೆಗೋ ಬೆಂಕಿ ಬಿದ್ದಿದೆ ಅಂತಲೇ. ಅದು ಬರಲಿ ಅಂತ ಕಾಯುವ ಹಾಗಿಲ್ಲ, ಬೆನ್ನು ಹತ್ತಿ ಬೈಕ್ ಓಡಿಸುವ ಹಾಗೂ ಇಲ್ಲ. (ಶುರುವಿನಲ್ಲಿ ಒಮ್ಮೆ ಓಡಿಸಿದ್ದೆ, ಗಬ್ಬೂರ ಕ್ರಾಸಿನ ತನಕ. ಈಗಲೂ ನೆನೆದರೆ ನಾಚಿಕೆ.) ಹಾಗಾಗಿ ನಮಗೆ ಗಾಡಿ ಸಿಗುವುದು ಠಾಣೆಯಲ್ಲಿ ಸುಮ್ನೆ ನಿಂತಾಗ.

ನನ್ನದು ಫ್ಲೆಕ್ಸ್ ಮತ್ತು ಸನ್‌ಬೋರ್ಡ್ (ಬೋರ್ಡು ಮಾಡುವ ಹಗುರ ಫೋಮ್ ಹಾಳೆ) ಕೆಲಸದ ಅಂಗಡಿ. ಕಟ್ಟರ್, ಸ್ಕೇಲು, ಅಂಟು ದಿನಾ ಕೈಯಲ್ಲೇ ಇರುತ್ತವೆ. ಆದರೂ ಮಾಡೆಲ್ ಮಾಡಬೇಕು ಅಂತ ಅನಿಸಿರಲಿಲ್ಲ, ಫೋಟೋ ತೆಗೆದು ಇಟ್ಟುಕೊಂಡರೆ ಸಾಕಾಗಿತ್ತು. 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣ ಆಗುವುದಿಲ್ಲ ಅಂತ ಕೇಂದ್ರದ ನಿಯಮ ಬಂತು ನೋಡಿ, ಆಗ ಎದೆ ಧಸಕ್ ಅಂದಿತು. ನಮ್ಮ ಕಡೆಯ ಒಂದು ಠಾಣೆಯಲ್ಲಿ ನಾನು ವರ್ಷಗಟ್ಟಲೆ ನೋಡುತ್ತ ಬಂದಿದ್ದ ಹಳೇ ಟಾಟಾ 1613 ವಾಟರ್ ಟೆಂಡರ್ (ನೀರಿನ ಟ್ಯಾಂಕ್ ಹೊತ್ತ ಫೈರ್ ಗಾಡಿ) ಗುಜರಿಗೆ ಹೋಗುವುದು ಖಾತ್ರಿಯಾಗಿತ್ತು. ಫೋಟೋದಲ್ಲಿ ಅಳತೆ ಸಿಗುವುದಿಲ್ಲ ಅಲ್ವಾ?

ಠಾಣಾಧಿಕಾರಿಗೆ ಒಂದು ಅರ್ಜಿ ಬರೆದು ಕೊಟ್ಟೆ. ಭಾನುವಾರ ಬೆಳಿಗ್ಗೆ ಒಂದು ತಾಸು ಕೊಟ್ಟರು. ಷರತ್ತು ಒಂದೇ: ಬೆಲ್ ಆದ ಕೂಡಲೇ ಟೇಪು ಬಿಟ್ಟು ಗೋಡೆಗೆ ಒತ್ತಿ ನಿಲ್ಲಬೇಕು. ನಾನು ಹೋಗಿ ಮೊದಲು ಮಾಡಿದ್ದೇನು? ಮುಂದಿನ ಗ್ರಿಲ್ಲು, ಬಂಪರು, ಸೈರನ್ನು ಅಳೆಯುತ್ತ ಕೂತೆ. ಅಲ್ಲೇ ಚಹಾ ಕುಡಿಯುತ್ತಿದ್ದ ಹಿರಿಯ ಡ್ರೈವರ್ ಸ್ವಲ್ಪ ಹೊತ್ತು ನೋಡಿ, "ತಮ್ಮಾ, ಮುಂದ ಏನ್ ನೋಡ್ತಿ, ಅದು ಎಲ್ಲಾ ಲಾರಿಗೂ ಇರ್ತೈತಿ. ಹಿಂದ ಬಾ. ಗಾಡಿ ಜೀವ ಹಿಂದೈತಿ" ಅಂದರು.

ಹಿಂದೆ ಪಂಪು. ಅಷ್ಟು ವರ್ಷ ಫೋಟೋ ತೆಗೆದರೂ ಅದು ಹೇಗೆ ನಡೆಯುತ್ತದೆ ಅಂತ ನಾನು ಕೇಳಿರಲೇ ಇಲ್ಲ. ಪಂಪಿಗೆ ಬೇರೆ ಎಂಜಿನ್ ಇಲ್ಲ. ಗಾಡಿಯ ಎಂಜಿನ್ನಿನ ಶಕ್ತಿಯನ್ನೇ ಪಿಟಿಓ ಅನ್ನುವ ಗೇರ್ ಜೋಡಣೆ ಹಾಕಿ ಪಂಪಿನ ಕಡೆ ತಿರುಗಿಸುತ್ತಾರೆ. ಆದ್ದರಿಂದ ಈ ಗಾಡಿ ನಿಂತೇ ನೀರು ಹೊಡೆಯಬೇಕು. ವಿಮಾನ ನಿಲ್ದಾಣದ ಕ್ರ್ಯಾಶ್ ಟೆಂಡರ್ ಓಡುತ್ತಲೇ ಹೊಡೆಯುತ್ತದೆ, ಅದರ ಲೆಕ್ಕವೇ ಬೇರೆ. ಟ್ಯಾಂಕಿನ ನೀರಾದರೆ ತಾನಾಗಿ ಪಂಪಿಗೆ ಇಳಿಯುತ್ತದೆ. ಬಾವಿಯಿಂದಲೋ ಕೆರೆಯಿಂದಲೋ ಎಳೆಯಬೇಕಾದರೆ ಬಂತು ತಾಪತ್ರಯ. ಸೆಂಟ್ರಿಫ್ಯೂಗಲ್ ಪಂಪಿಗೆ ಗಾಳಿ ಎಳೆಯಲು ಬರುವುದಿಲ್ಲ. ಮೊದಲು ಸಕ್ಷನ್ ಹೋಸಿನ ಗಾಳಿಯನ್ನೆಲ್ಲ ಪ್ರೈಮರ್ ಹಾಕಿ ಹೊರಗೆ ತೆಗೆಯಬೇಕು, ಆಗ ನೀರು ಮೇಲೇರುತ್ತದೆ, ಅದೂ ಏಳು ಮೀಟರಿನ ಆಸುಪಾಸು ಅಷ್ಟೇ. ಎಲ್ಲೋ ಒಂದು ಕಡೆ ವಾಷರ್ ಸಡಿಲ ಇದ್ದರೆ ಮುಗೀತು. ಇಷ್ಟು ಹೇಳುವಷ್ಟರಲ್ಲಿ ನನ್ನ ತಾಸು ಮುಗಿದಿತ್ತು, ಆದರೆ ಡ್ರೈವರ್ ಮಾತು ಮುಗಿದಿರಲಿಲ್ಲ, ಇನ್ನೊಂದು ಕಪ್ ಚಹಾ ಬಂತು.

ಮಾಡೆಲ್ಲಿಗೆ ಇಪ್ಪತ್ತಕ್ಕೆ ಒಂದರ ಅಳತೆ ಹಿಡಿದೆ. ಗಾಲಿಗೆ ಹಳೇ ಹವಾಯಿ ಚಪ್ಪಲಿ ಕತ್ತರಿಸಿದೆ, ಚಿಕ್ಕವರಿದ್ದಾಗ ಮಾಡುತ್ತಿದ್ದೆವಲ್ಲ ಹಾಗೆಯೇ. ಐದು ಸೆಂಟಿಮೀಟರಿನ ಗಾಲಿ ಚೆನ್ನಾಗಿ ಬಂತು. ಹೋಸಿಗೆ ಬಿಳಿ ಶೂ ಲೇಸು: 15 ಮೀಟರಿನ ಒಂದು ಹೋಸ್ ಅಂದರೆ ನನ್ನ ಲೆಕ್ಕದಲ್ಲಿ 75 ಸೆಂಟಿಮೀಟರ್. ಸೀಟಿಗೆ ಥರ್ಮೋಕೋಲ್ ಇಟ್ಟಿದ್ದೆ, ಸ್ಪ್ರೇ ಪೇಂಟ್ ತಾಗಿದ ಕೂಡಲೇ ಕರಗಿ ಹೋಯಿತು. ಫ್ಲೆಕ್ಸ್ ಅಂಗಡಿಯವನಿಗೆ ಇಷ್ಟೂ ಗೊತ್ತಿರಬೇಡವೇ ಅಂತ ಹುಡುಗರು ನಕ್ಕರು.

ದೊಡ್ಡ ಪೆಟ್ಟು ಬಿದ್ದಿದ್ದು ಟ್ಯಾಂಕಿನಲ್ಲಿ. ಗಾಡಿಯ ಟ್ಯಾಂಕು 4500 ಲೀಟರಿನದು. ಉದ್ದ, ಅಗಲ, ಎತ್ತರ ಮೂರೂ ಇಪ್ಪತ್ತು ಪಟ್ಟು ಇಳಿದರೆ ನೀರು 8000 ಪಟ್ಟು ಇಳಿಯುತ್ತದೆ, ಅಂದರೆ 562 ಎಂಎಲ್. ಸನ್‌ಬೋರ್ಡಿನಲ್ಲಿ ಕಟ್ಟಿದ ನನ್ನ ಟ್ಯಾಂಕಿನ ಡಬ್ಬಿ ಸರಿ ಇದೆಯೋ ನೋಡೋಣ ಅಂತ ಅಳೆದೆ. ಸನ್‌ಬೋರ್ಡಿಗೆ ನೀರು ಹಾಕಿದರೆ ಜಾಯಿಂಟಿನಲ್ಲಿ ಸೋರುತ್ತದೆ, ಅದಕ್ಕೇ ಅಡುಗೆಮನೆಯಿಂದ ಜೋಳ ತಂದು ಅಳತೆ ಪಾತ್ರೆಯಿಂದ ಅದಕ್ಕೆ ಸುರಿದೆ. ಸುರಿದೆ, ಸುರಿದೆ, ತುಂಬಲೇ ಇಲ್ಲ. 900 ಎಂಎಲ್ ಹಿಡಿಯಿತು. ಅಂದರೆ ನನ್ನ ಗಾಡಿಯಲ್ಲಿ 7200 ಲೀಟರ್ ನೀರು, ಬರೀ ನೀರೇ ಏಳು ಟನ್ ಮೇಲೆ! 1613 ಅಂದರೆ ಎಲ್ಲ ಸೇರಿ 16 ಟನ್ ತೂಕದ ಗಾಡಿ, ಸುಮಾರು 130 ಎಚ್‌ಪಿ. ಚಾಸಿ, ಪಂಪು, ಜನ, ಸಾಮಾನು ಎಲ್ಲ ಅದರೊಳಗೇ ಬರಬೇಕು. ಎಲ್ಲಿ ತಪ್ಪಿದೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಹೊರಗಿನ ಕೆಂಪು ಬಾಡಿಯನ್ನೇ ಟ್ಯಾಂಕ್ ಅಂತ ತಿಳಿದಿದ್ದೆ. ನಿಜವಾದ ಟ್ಯಾಂಕು ನಡುವೆ, ಎರಡೂ ಬದಿಗೆ ಹೋಸು, ಬ್ರಾಂಚು (ಹೋಸಿನ ತುದಿಯ ನೀರು ಚಿಮ್ಮಿಸುವ ಮೂತಿ), ಹಗ್ಗ ಇಡುವ ಲಾಕರ್. ಟ್ಯಾಂಕಿನ ಒಳಗೂ ಅಡ್ಡ ತಗಡು ಇರುತ್ತವೆ, ಇಲ್ಲದಿದ್ದರೆ ತಿರುವಿನಲ್ಲಿ ಅಷ್ಟೂ ನೀರು ಒಂದೇ ಕಡೆ ನುಗ್ಗಿ ಗಾಡಿಯನ್ನೇ ಕೆಡವುತ್ತದೆ. ಡಬ್ಬಿ ಒಡೆದು ಮತ್ತೆ ಕಟ್ಟಿದೆ. ಎರಡನೇ ಸಲ 570 ಬಂತು, ಸಾಕು ಅಂತ ಬಿಟ್ಟೆ. ಅವ್ವ ಜೋಳ ವಾಪಸ್ ಕೇಳಿದಳು, ಅದರಲ್ಲಿ ಸನ್‌ಬೋರ್ಡಿನ ಪುಡಿ ಸೇರಿತ್ತು, ಆ ಮಾತು ಇಲ್ಲಿ ಬೇಡ.

ಬಣ್ಣದ ಅಂಗಡಿಯಲ್ಲಿ "ಕೆಂಪು ಕೊಡಿ" ಅಂದರೆ ಆಗುವುದಿಲ್ಲ. ಭಾರತೀಯ ಮಾನಕದ ಬಣ್ಣದ ಪಟ್ಟಿಯಲ್ಲಿ ಫೈರ್ ರೆಡ್ ನಂಬರ್ 536, ಪೋಸ್ಟ್ ಆಫೀಸ್ ರೆಡ್ 538. ನಾನು ಕಾರ್ಡ್ ತೋರಿಸಿ 536 ಬೆರೆಸಿಕೊಂಡೆ. ಆದರೆ ಹಳೇ ಗಾಡಿ ನಮ್ಮ ಬಿಸಿಲಿಗೆ ಮೇಲೆಲ್ಲ ಬಣ್ಣ ಮಾಸಿ ಗುಲಾಬಿಯಾಗಿತ್ತು. ಹೊಸದರ ಹಾಗೆ ಹೊಡೆಯಬೇಕೋ ಇದ್ದ ಹಾಗೆಯೋ? ಇದ್ದ ಹಾಗೆಯೇ ಹೊಡೆದೆ. ಗೆಳೆಯರಿಗೆ ಇದು ಇನ್ನೂ ಒಪ್ಪಿಗೆಯಿಲ್ಲ.

ಹೊಸ ಗಾಡಿಗಳ ಮೇಲೆ ನನಗೆ ಸಿಟ್ಟೇನಿಲ್ಲ. ನೀರನ್ನು ಮಂಜಿನಂತೆ ಹೊಡೆಯುವ ಬುಲೆಟ್ ಬೈಕು ದುರ್ಗದಬೈಲಿನಂಥ ಇಕ್ಕಟ್ಟಿಗೆ ಹೇಳಿ ಮಾಡಿಸಿದಂತಿದೆ. ಬೆಂಗಳೂರಿಗೆ 2022ರಲ್ಲಿ 90 ಮೀಟರ್ ಎತ್ತರ ಏರುವ ಏಣಿ ಗಾಡಿ ಬಂದಾಗ ಎಲ್ಲರೂ ಅದರದೇ ವಿಡಿಯೋ ಕಳಿಸಿದರು. ಚಂದವೇ ಇದೆ. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಹೊತ್ತುವುದು ಕಣಿಕಿ ಬಣವೆ, ಹತ್ತಿ ಅಂಡಿಗೆ. ಹತ್ತಿಯ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೊಳಗೇ ಉರಿಯುತ್ತಿರುತ್ತದೆ, ಬಿಚ್ಚಿ ಬಿಚ್ಚಿ ನೀರು ಹಾಕಬೇಕು. ಅಲ್ಲಿ ಬೇಕಾಗುವುದು ಹೊಲದ ದಾರಿಯಲ್ಲಿ ಸಿಕ್ಕಿಕೊಳ್ಳದ ಗಾಡಿ ಮತ್ತು ಜಾಸ್ತಿ ನೀರು.

ಮಾಡೆಲ್ಲನ್ನು ಠಾಣೆಗೆ ಒಯ್ದದ್ದು ಏಪ್ರಿಲ್ 14ಕ್ಕೆ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಹಡಗು ಸ್ಫೋಟವಾಗಿ 66 ಅಗ್ನಿಶಾಮಕರು ಸತ್ತರು. ಆ ಹಡಗಿನಲ್ಲೂ ಸ್ಫೋಟಕಗಳ ಜತೆ ಹತ್ತಿ ಅಂಡಿಗೆ ತುಂಬಿದ್ದರು. ಅವರ ನೆನಪಿಗೆ ಅವತ್ತು ಗೌರವ ಸಲ್ಲಿಸಿ, ವಾರವಿಡೀ ಜನರಿಗೆ ಗಾಡಿ ತೋರಿಸುತ್ತಾರೆ. ಹಳೇ 1613 ಅಷ್ಟರಲ್ಲಿ ಹೋಗಿಯಾಗಿತ್ತು, ಆ ಜಾಗದಲ್ಲಿ ಬೇರೆ ಗಾಡಿ ನಿಂತಿತ್ತು.

ಡ್ರೈವರ್ ನನ್ನ ಮಾಡೆಲ್ಲನ್ನು ಕೈಗೆ ತೆಗೆದುಕೊಂಡು ಮುಂದೆ ನೋಡಲೇ ಇಲ್ಲ, ಸೀದಾ ಹಿಂದೆ ತಿರುಗಿಸಿದರು. ಕನ್ನಡಕ ಹಾಕಿ ಪಂಪಿನ ಪ್ಯಾನೆಲ್ ನೋಡಿ, "ಇನ್ನೊಂದ್ ಗೇಜ್ ಎಲ್ಲೈತಿ?" ಅಂದರು.

ಮೊಬೈಲಿನಲ್ಲಿದ್ದ ಹಳೇ ಗಾಡಿಯ ಫೋಟೋ ತೋರಿಸಿದೆ. ಅದರಲ್ಲೂ ಗೇಜು (ಒತ್ತಡ ತೋರಿಸುವ ಮೀಟರು) ಒಂದೇ, ಪಕ್ಕದಲ್ಲಿ ಒಂದು ದುಂಡು ತಗಡು.

"ಅದು ಕಂಪೌಂಡ್ ಗೇಜಿನ ಜಾಗಾ ತಮ್ಮಾ. ಕೆಟ್ಟಿತ್ತು, ಬಿಚ್ಚಿ ತಗಡು ಹೊಡದಿದ್ವಿ. ಬಾವಿ ನೀರು ಎಳಿಯೋವಾಗ ಅದನ್ನ ನೋಡೇ ಗಾಳಿ ಹೊಂಟೈತೋ ಇಲ್ಲೋ ಗೊತ್ತಾಗೋದು. ಗಾಡಿ ಬಂದಾಗ ಎರಡೂ ಇದ್ವು."

ಇದ್ದ ಹಾಗೆ ಮಾಡುತ್ತೇನೆ ಅಂತ ಬಣ್ಣದಲ್ಲಿ ಅಷ್ಟು ಹಟ ಹಿಡಿದಿದ್ದವನು ನಾನು. ಸಂಜೆ ಮನೆಗೆ ಬಂದು ಹೆಂಡತಿಯ ಟಿಕಳಿ ಪಾಕೀಟು ಹುಡುಕಿದೆ. ಮೊದಲನೇ ಗೇಜನ್ನೂ ಅದರಿಂದಲೇ ಮಾಡಿದ್ದೆ, ಐದು ಮಿಲಿಮೀಟರಿನದು ಇನ್ನೂ ಮೂರು ಉಳಿದಿದ್ದವು.