ಮೆಷಿನ್ ನಿಲ್ಲಿಸುವ ಮೊದಲೇ ಅರ್ಧ ಸೆಟಿಂಗ್ ಮುಗಿಸಿ

ಪೀಣ್ಯದ ಸಣ್ಣ ಶೆಡ್ಡುಗಳಿಗೆ ಬರುವ ಆರ್ಡರ್ ಹೆಚ್ಚಾಗಿ ಸಣ್ಣದೇ. ಬುಷ್ 50, ಪಿನ್ 30, ಫ್ಲೇಂಜ್ 40. ಪೀಸಿಗೆ ಎರಡು ನಿಮಿಷ ಎಂದರೆ 50 ಪೀಸ್ 100 ನಿಮಿಷದಲ್ಲಿ ಮುಗಿಯುತ್ತದೆ. ಅದಕ್ಕೆ ಸೆಟಿಂಗೇ, ಅಂದರೆ ಹೊಸ ಜಾಬಿಗೆ (ಆರ್ಡರಿಗೆ) ಮೆಷಿನ್ ಸಜ್ಜು ಮಾಡುವುದೇ, ಒಂದೂವರೆ ಗಂಟೆ ಹಿಡಿದರೆ? ಹೆಚ್ಚುಕಡಿಮೆ ದುಡಿದಷ್ಟೇ ಹೊತ್ತು ಮೆಷಿನ್ ಸುಮ್ನೆ ನಿಂತಿರುತ್ತದೆ. ಆ ಹೊತ್ತಿಗೂ ಸಾಲದ ಕಂತು ಕಟ್ಟಬೇಕು ಅಲ್ವಾ?

ಮೊದಲು ನಿಂತು ನೋಡಿ. ಹಳೇ ಜಾಬಿನ ಕೊನೇ ಪೀಸ್ ಬಿಚ್ಚಿದ್ದರಿಂದ ಹಿಡಿದು ಹೊಸ ಜಾಬಿನ ಮೊದಲ ಓಕೆ ಪೀಸ್ ಬರುವವರೆಗೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ಸೆಟ್ಟರ್‌ಗೆ ಮೊದಲೇ ಹೇಳಿ, ತಪ್ಪು ಹುಡುಕಲು ಅಲ್ಲ ಅಂತ. ಆಮೇಲೆ ಅವರ ಜೊತೆ ಕೂತೇ ನೋಡಿ.

ಒಮ್ಮೆ ಗೆಳೆಯರೊಬ್ಬರ ಶೆಡ್ಡಿನಲ್ಲಿ ನಾನು ಹೀಗೇ ನೋಟ್‌ಬುಕ್ ಹಿಡಿದು ನಿಂತಿದ್ದೆ. ಸೆಟ್ಟರ್ ಸಿಎನ್‌ಸಿ ಲೇತ್ ನಿಲ್ಲಿಸಿ 8 ಎಂಎಂ ಅಲೆನ್ ಕೀ ಹುಡುಕಲು ಹೋದರು. ಅದು ಗ್ರೈಂಡರ್ ಪಕ್ಕದ ಡಬ್ಬಿಯಲ್ಲಿತ್ತು. ಆಮೇಲೆ ಸಾಫ್ಟ್ ಜಾ (ಪೀಸಿನ ಅಳತೆಗೆ ಕೊರೆದುಕೊಳ್ಳುವ ಮೆದು ಹಿಡಿಕೆ) ಹುಡುಕಾಟ. ಡ್ರಾಯಿಂಗ್ ಇದ್ದದ್ದು ಆಫೀಸಿನ ಬೀರುವಿನಲ್ಲಿ, ಬೀಗದ ಕೈ ಮಾಲೀಕರ ಜೇಬಿನಲ್ಲಿ. ಒಟ್ಟು 80 ನಿಮಿಷದಲ್ಲಿ ಮೆಷಿನ್ ಮೇಲೆ ಕೈ ಇದ್ದದ್ದು 30 ನಿಮಿಷವೂ ಇಲ್ಲ. ಆ ಸೆಟ್ಟರ್ ಅವರದು ಪಳಗಿದ ಕೈ. ತಪ್ಪು ವ್ಯವಸ್ಥೆಯದು.

1950ರಲ್ಲಿ ಹಿರೋಷಿಮಾದ ಟೊಯೊ ಕೊಗ್ಯೊ (ಇವತ್ತಿನ ಮಜ್ದಾ) ಕಾರ್ಖಾನೆಯಲ್ಲಿ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಕಂಡದ್ದೂ ಇದನ್ನೇ. ದೊಡ್ಡ ಪ್ರೆಸ್ಸಿನ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಬದಲಿಸುವಾಗ ಒಂದು ಬೋಲ್ಟ್ ಕಾಣೆಯಾಗಿ, ಕೆಲಸಗಾರ ಅದಕ್ಕಾಗಿ ಗಂಟೆಗೂ ಜಾಸ್ತಿ ಅಲೆದಿದ್ದ. ಅಲ್ಲಿಂದ ಶಿಂಗೊ ಸೆಟಿಂಗನ್ನು ಎರಡು ಪಾಲು ಮಾಡಿದರು: ಮೆಷಿನ್ ನಿಂತಾಗಲೇ ಆಗಬೇಕಾದ ಕೆಲಸ, ಮೆಷಿನ್ ಓಡುವಾಗಲೇ ಮುಗಿಸಬಹುದಾದ ಕೆಲಸ. 1969ರ ಹೊತ್ತಿಗೆ ಟೊಯೊಟಾದ 1000 ಟನ್ ಪ್ರೆಸ್ಸಿನಲ್ಲಿ ನಾಲ್ಕು ಗಂಟೆಯ ಕೆಲಸ ಕೊನೆಗೆ ಮೂರು ನಿಮಿಷಕ್ಕೆ ಇಳಿಯಿತು.

ನೀವೂ ಪಟ್ಟಿಯನ್ನು ಹಾಗೇ ಎರಡು ಮಾಡಿ. ಡ್ರಾಯಿಂಗ್, ಪ್ರೋಗ್ರಾಂ, ಜಾ, ಇನ್ಸರ್ಟ್ (ಟೂಲಿನ ತುದಿಯ ಕೊಯ್ಯುವ ಬಿಲ್ಲೆ), ಗೇಜ್, ಕಚ್ಚಾ ಮಾಲು ಇವೆಲ್ಲ ಹಿಂದಿನ ಜಾಬ್ ಓಡುತ್ತಿರುವಾಗಲೇ ಒಂದು ಟ್ರಾಲಿಯಲ್ಲಿ ಮೆಷಿನ್ ಪಕ್ಕಕ್ಕೆ ಬರಬೇಕು. ಇದಕ್ಕೆ ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಜಾಸ್ತಿ ಸಮಯ ಉಳಿಯುವುದೂ ಇಲ್ಲೇ.

ಆಮೇಲೆ ನಿಂತ ಹೊತ್ತಿನ ಕೆಲಸ ಕಡಿಮೆ ಮಾಡಿ. ಲೇತಿನ ಟೂಲ್ ಹಿಡಿಯುವ ತಿರುಗು ಭಾಗವಾದ ಟರೆಟ್‌ನಲ್ಲಿ ರಫಿಂಗ್, ಫಿನಿಶಿಂಗ್, ಗ್ರೂವಿಂಗ್ ಟೂಲ್‌ಗಳಿಗೆ ಕಾಯಂ ಜಾಗ ಕೊಡಿ. ಆಗ ಜಾಬ್ ಬದಲಾದರೂ ಒಂದೆರಡು ಟೂಲ್ ಮಾತ್ರ ಬದಲಿಸಿದರೆ ಸಾಕು. ಸಾಫ್ಟ್ ಜಾ ಮೇಲೆ ಜಾಬ್ ನಂಬರ್ ಕೊರೆಯಿರಿ. ಮೂರೂ ಜಾಗಳಿಗೆ 1, 2, 3 ಪಂಚ್ ಮಾಡಿ, ಪೀಸ್ ಹಿಡಿಯುವ ಚಕ್ಕಿನ ಅದೇ ಸ್ಲಾಟಿಗೆ, ಅದೇ ಹಲ್ಲಿಗೆ ಕೂರಿಸಿ. ಮತ್ತೆ ಪೂರ್ತಿ ಬೋರ್ ಮಾಡುವ ಬದಲು ಒಂದು ತೆಳು ಕಟ್ ಸಾಕಾಗಬಹುದು.

ಪವರ್ ಪ್ರೆಸ್ ಇದ್ದವರು ಡೈಗಳ ಕೆಳಗೆ ಪ್ಯಾಕಿಂಗ್ ಪ್ಲೇಟ್ ಕಾಯಂ ಮಾಡಿ, ಎಲ್ಲಾ ಡೈಗಳ ಎತ್ತರ ಒಂದೇ ಮಾಡಿಕೊಳ್ಳಿ. ಪ್ರತಿ ಸಲ ಮೇಲಿಂದ ಇಳಿದು ಒತ್ತುವ ರ‍್ಯಾಮ್ ಹೊಂದಿಸುವ ಗೋಳು ತಪ್ಪುತ್ತದೆ. ಬೋಲ್ಟ್ ಬಿಗಿಯಾಗುವುದು ಕೊನೇ ಸುತ್ತಿನಲ್ಲಿ, ಉಳಿದ ಸುತ್ತೆಲ್ಲ ಬರೀ ತಿರುಗಾಟ. ಪ್ಲೇಟಿಗೆ ಯು ಆಕಾರದ ಸ್ಲಾಟ್ ಕೊಯ್ದರೆ ಬೋಲ್ಟನ್ನು ಸ್ವಲ್ಪ ಸಡಿಲಿಸಿ ಎಳೆದರೆ ಡೈ ಹೊರಗೆ. ಆದರೆ ಡೈಗೆ ಕೈ ಹಾಕುವ ಮೊದಲು ಪವರ್ ಆಫ್ ಮಾಡಿ ಬೀಗ ಹಾಕಬೇಕು, ರ‍್ಯಾಮ್ ಕೆಳಗೆ ಬ್ಲಾಕ್ ಇಡಬೇಕು. ಅಲ್ಲಿ ಉಳಿಸುವ ಒಂದು ನಿಮಿಷವೂ ನಮಗೆ ಬೇಡ. ಬೆರಳು ಕಳೆದುಕೊಂಡವರನ್ನು ಕಂಡವರಿಗೆ ಇದು ಗೊತ್ತು.

ಮೊದಲ ಪೀಸ್ ಓಕೆ ಆದ ಕೂಡಲೇ ಟೂಲಿನ ಜಾಗದ ತಿದ್ದುಪಡಿ ಹೇಳುವ ಆಫ್‌ಸೆಟ್, ಜಾ ಕೂತ ಜಾಗ, ಚಕ್ ಪ್ರೆಶರ್ ಎಲ್ಲವನ್ನೂ ಸೆಟಿಂಗ್ ಶೀಟಿನಲ್ಲಿ ಬರೆದಿಡಿ. ಮುಂದಿನ ಸಲ ಬೇರೆ ಸೆಟ್ಟರ್ ಬಂದರೂ ನಡೆಯುತ್ತದೆ. ಒಂದೇ ಡಯಾದ ಜಾಬುಗಳನ್ನು ಒಂದರ ಹಿಂದೊಂದು ಹಾಕಿ.

ಎಲ್ಲಾ ಮೆಷಿನ್‌ಗೂ ಒಟ್ಟಿಗೆ ಕೈ ಹಾಕಬೇಡಿ. ಯಾವುದರ ಮುಂದೆ ಕೆಲಸ ಕಾಯುತ್ತಾ ಬಿದ್ದಿದೆಯೋ ಅದರಿಂದ ಶುರು ಮಾಡಿ. ತಿಂಗಳಾದ ಮೇಲೆ ಅದೇ ಜಾಬ್ ಬಂದಾಗ ಇನ್ನೊಂದು ವಿಡಿಯೊ ತೆಗೆದು, ಹಳೆಯದರ ಪಕ್ಕ ಇಟ್ಟು ಸೆಟ್ಟರ್‌ಗೆ ತೋರಿಸಿ.